ಪದಚರ್ಚೆ: ಬಿಚ್ಚಿ ಜೋಡಿಸುವ ಕಪಾಟಿನ ‘ಫಿಟಿಂಗ್’ಗಳಿಗೆ ಏನೆನ್ನೋಣ?

ಬಲ್ಲವರಿಗೆ ನಮಸ್ಕಾರ.

ಮನೆಯಲ್ಲೇ ಕಪಾಟು ಕಟ್ಟಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕಾರು ನಿಲ್ಲಿಸುವ ಕೋಣೆಯ ಗೋಡೆಗೆ ಒತ್ತಿ ನಿಲ್ಲಿಸುವ, ಬೇಕೆಂದಾಗ ಬಿಚ್ಚಿ ಬೇರೆಡೆಗೆ ಒಯ್ಯಬಹುದಾದ ಕಪಾಟುಗಳು ಅದರ ವಿಷಯ. ಅಳತೆ, ಹಲಗೆಯ ಆಯ್ಕೆ, ಕೊಯ್ಯುವ ಕ್ರಮ ಇವೆಲ್ಲ ಸಲೀಸಾಗಿ ಕನ್ನಡಕ್ಕೆ ಬಂದವು. ಹಲಗೆಗಳನ್ನು ಒಂದಕ್ಕೊಂದು ಹಿಡಿಸುವ ಲೋಹದ ತುಣುಕುಗಳ ಅಧ್ಯಾಯದಲ್ಲಿ ಬರವಣಿಗೆ ನಿಂತಿದೆ. ಇಂಗ್ಲಿಷಿನಲ್ಲಿ ಇವಕ್ಕೆಲ್ಲ ಒಟ್ಟಾಗಿ ‘ನಾಕ್ ಡೌನ್ ಫಿಟಿಂಗ್’ ಎಂಬ ಹೆಸರಿದೆ. ಕೆಲಸಗಾರರ ಬಾಯಲ್ಲಿ ಅದು ‘ಕೆ.ಡಿ. ಫಿಟಿಂಗ್’. ಕನ್ನಡದಲ್ಲಿ ಬರೆಯುವಾಗ ನಾವು ಎಲ್ಲವನ್ನೂ ‘ಸ್ಕ್ರೂ’ ಎಂದು ಮುಗಿಸಿಬಿಡುತ್ತೇವೆ. ನನ್ನ ತಕರಾರು ಅದಕ್ಕೇ. ಈ ತುಣುಕುಗಳಲ್ಲಿ ಒಂದು ಹಲಗೆಯನ್ನು ಸೆಳೆಯುತ್ತದೆ, ಇನ್ನೊಂದು ಕಚ್ಚುತ್ತದೆ, ಮತ್ತೊಂದು ಮರವನ್ನು ಕೊರೆದು ಹಿಡಿಯದೆ ಲೋಹಕ್ಕೆ ಲೋಹವನ್ನೇ ಬಿಗಿಯುತ್ತದೆ. ಯಾವ ಕಪಾಟಿಗೆ ಯಾವುದು ಎಂಬ ತೀರ್ಮಾನ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಹೆಸರಿನಲ್ಲೇ ಅದು ಕಾಣುವಂತಿದ್ದರೆ ಓದುವವರಿಗೆ ಅರ್ಧ ಕೆಲಸ ಮುಗಿದಂತೆ.

ಮೊದಲು ಒಟ್ಟು ಬಳಗದ ಹೆಸರು. ‘ಕೆಡವು’, ‘ಉರುಳಿಸು’ ಎಂಬ ದಾರಿಯಲ್ಲಿ ಹೋಗುವಂತಿಲ್ಲ. ಕೆಡವಿದ್ದನ್ನು ಹೊಸದಾಗಿಯೇ ಕಟ್ಟಬೇಕಾಗುತ್ತದೆ. ಉಳಿಯುವುದು ‘ಕಳಚು’ ಮತ್ತು ‘ಬಿಚ್ಚು’. ‘ಕಳಚು’ ನನಗೆ ತುಂಬ ಹಿಡಿಸಿತ್ತು. ಆದರೆ ಬಾಗಿಲಿನ ಹಿಡಿ ತಾನಾಗಿ ಬಿದ್ದರೂ ‘ಕಳಚಿತು’ ಎನ್ನುತ್ತೇವೆ. ‘ಕಳಚುಜೋಡಕ’ ಎಂದರೆ ಕಳಚಿ ಬೀಳುವ ಜೋಡಕವೆಂಬ ಅನುಮಾನ ಬರುತ್ತದೆ. ಬಣ್ಣದ ಡಬ್ಬಗಳನ್ನೂ ಹತಾರಗಳ ಪೆಟ್ಟಿಗೆಯನ್ನೂ ಹೊರಬೇಕಾದ ಕಪಾಟಿಗೆ ಅದು ಒಪ್ಪುವ ಮಾತಲ್ಲ. ‘ಬಿಚ್ಚು’ ಹಾಗಲ್ಲ. ಗಂಟು ಬಿಚ್ಚುತ್ತೇವೆ, ಗಡಿಯಾರ ಬಿಚ್ಚುತ್ತೇವೆ, ನೀರಿನ ಪಂಪು ಬಿಚ್ಚುತ್ತೇವೆ. ಬಿಚ್ಚುವವರು ಬೇಕೆಂದೇ ಬಿಚ್ಚುತ್ತಾರೆ, ಮತ್ತೆ ಜೋಡಿಸುವ ಮನಸ್ಸಿನಿಂದ ಬಿಚ್ಚುತ್ತಾರೆ. ಆದ್ದರಿಂದ ‘ಬಿಚ್ಚುಜೋಡಕ’ ಎಂದು ಬರೆದುಕೊಂಡಿದ್ದೇನೆ. ‘ಬೆಸುಗೆ’ ಇಲ್ಲಿ ಸಲ್ಲದು, ಬೆಸೆದದ್ದು ಬಿಡುವುದಿಲ್ಲ. ‘ಕೀಲು’ ಹಳೆಯ, ಚೊಕ್ಕ ಪದ; ಆದರೆ ಮೊಣಕಾಲಿನ ಕೀಲಿನಿಂದ ಕೀಲುಗೊಂಬೆಯವರೆಗೆ ಅದಕ್ಕೆ ಇವತ್ತು ಚಲನೆಯ ಅರ್ಥ ಅಂಟಿಕೊಂಡಿದೆ. ಕಪಾಟಿನ ಮೂಲೆ ಅಲುಗಬಾರದು.

ನಿಜವಾದ ತೊಡಕು ‘ಕ್ಯಾಮ್ ಲಾಕ್’ ಎಂಬುದರಲ್ಲಿದೆ. ಅಂಗಡಿಯಿಂದ ಬಿಡಿಯಾಗಿ ತಂದು ಜೋಡಿಸುವ ಪೀಠೋಪಕರಣಗಳಲ್ಲಿ ಎಲ್ಲರೂ ಇದನ್ನು ಕಂಡಿರುತ್ತಾರೆ. ಇದರಲ್ಲಿ ಎರಡು ಭಾಗ. ಒಂದು ಸಣ್ಣ ಬೋಲ್ಟು. ಅದರ ಒಂದು ತುದಿ ನಿಂತ ಹಲಗೆಯ ಮೈಯೊಳಕ್ಕೆ ತಿರುಪಿಕೊಂಡು ಹೋಗುತ್ತದೆ, ಹೊರಗುಳಿದ ತುದಿಯಲ್ಲಿ ಒಂದು ತಲೆ, ತಲೆಯ ಹಿಂದೆ ಸಣ್ಣ ಕತ್ತು. ಇನ್ನೊಂದು ಲೋಹದ ಬಿಲ್ಲೆ, ಸಾಮಾನ್ಯವಾಗಿ 15 ಮಿ.ಮೀ. ಅಡ್ಡಳತೆಯದು. ಮಲಗಿದ ಹಲಗೆಯ ಮೈಯಲ್ಲಿ ಕೊರೆದ ಕುಳಿಯಲ್ಲಿ ಅದು ಕೂರುತ್ತದೆ. ಅದೇ ಹಲಗೆಯ ಅಂಚಿನಿಂದ ಕುಳಿಯವರೆಗೆ ಕೊರೆದ ತೂತಿನೊಳಗೆ ಬೋಲ್ಟಿನ ತಲೆ ಬಂದು ಬಿಲ್ಲೆಯ ಬಾಯಿಗೆ ಸಿಗುತ್ತದೆ. ಸ್ಕ್ರೂಡ್ರೈವರಿನಿಂದ ಬಿಲ್ಲೆಯನ್ನು ಸುಮಾರು ಅರ್ಧ ಸುತ್ತು ತಿರುಗಿಸಿದಾಗ ಅದರೊಳಗಿನ ಬಾಗಿದ ಅಂಚು ಕತ್ತಿನ ಎರಡೂ ಬದಿಗೆ ಸರಿದು, ತಲೆಯನ್ನು ತನ್ನ ನಡುವಿನ ಕಡೆಗೆ ಎಳೆದುಕೊಳ್ಳುತ್ತದೆ. ಎರಡು ಹಲಗೆಗಳ ನಡುವಿನ ಕೂದಲೆಳೆಯ ಸಂದು ಮುಚ್ಚುವುದು ಕಣ್ಣಿಗೆ ಕಾಣುತ್ತದೆ. ಬಿಲ್ಲೆಯ ಮೇಲೆ ಕೊರೆದಿರುವ ಬಾಣ, ತಿರುಗಿಸುವ ಮೊದಲು, ಬೋಲ್ಟು ಬರುವ ಅಂಚಿನತ್ತ ಮುಖ ಮಾಡಿರಬೇಕು.

ಇದಕ್ಕೆ ‘ಬೀಗ’ ಎಂದರೆ ಕೀಲಿಕೈ ಹುಡುಕುತ್ತಾರೆ. ‘ಉತ್ಕೇಂದ್ರ ಚಕ್ರ’ ಶಾಸ್ತ್ರಕ್ಕೆ ಸರಿ. ಒಂದು ಕೈಯಲ್ಲಿ ಹಲಗೆ ಹಿಡಿದು ಇನ್ನೊಂದು ಕೈಯಲ್ಲಿ ಪುಸ್ತಕ ತಿರುವುವವರಿಗೆ ಅದು ಬೇಡ. ‘ಬಿಗಿಬಿಲ್ಲೆ’ ಎನ್ನಬಹುದಿತ್ತು, ಆದರೆ ಬಿಗಿಯುವುದು ಈ ಬಳಗದ ಎಲ್ಲರ ಕೆಲಸ. ನನ್ನ ಒಲವು ‘ಸೆಳೆಬಿಲ್ಲೆ’ಯ ಕಡೆಗೆ, ಅದರ ಜೊತೆಗಾರನಿಗೆ ‘ಕತ್ತುಬೋಲ್ಟು’. ಸೆಳೆಯುವುದು ಎಂಬ ಮಾತನ್ನು ಇಷ್ಟು ಪಟ್ಟುಹಿಡಿದು ಉಳಿಸಿಕೊಳ್ಳುವುದಕ್ಕೆ ಕಾರಣವಿದೆ. ಬಿಲ್ಲೆ ಸೆಳೆಯಬಲ್ಲದು, ಭಾರ ಹೊರುವುದು ಅದರ ಕೆಲಸವಲ್ಲ. ಅಡ್ಡ ಹಲಗೆಯ ಮೇಲೆ ಬೀಳುವ ಭಾರವನ್ನು ತಡೆಯಲು ಪಕ್ಕದಲ್ಲಿ 8 ಮಿ.ಮೀ. ದಪ್ಪದ ಮರದ ಗೂಟಗಳು ಇರಬೇಕು. ಅವೇ ಹಲಗೆಯನ್ನು ನೇರಕ್ಕೂ ನಿಲ್ಲಿಸುತ್ತವೆ. ಗೂಟದ ಎರಡೂ ತುದಿಗೆ ಅಂಟು ಹಾಕಿದರೆ ಬಿಚ್ಚುವ ಮಾತು ಅಲ್ಲಿಗೆ ಮುಗಿಯಿತು. ಒಂದು ತುದಿಗೆ ಮಾತ್ರ ಹಾಕಬೇಕು. ಗೂಟಕ್ಕೆ ‘ಡಾವೆಲ್’ ಎಂದು ಬರೆಯುವವರಿದ್ದಾರೆ. ಗೂಟ ಎಂಬ ಪದ ಇರುವಾಗ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಸೆಳೆಬಿಲ್ಲೆಯ ಇನ್ನೊಂದು ಗುಣವನ್ನೂ ಹೇಳಬೇಕು. ಅದು ನಿಖರತೆ ಕೇಳುತ್ತದೆ. 18 ಮಿ.ಮೀ. ಹಲಗೆಯಲ್ಲಿ 13 ಮಿ.ಮೀ. ಆಸುಪಾಸಿನ ಆಳಕ್ಕೆ ಕುಳಿ ಕೊರೆಯಬೇಕು. ಹಿಂಬದಿಗೆ ತೂತು ಬೀಳಬಾರದು. ಅಂಚಿನಿಂದ ಕುಳಿಯ ನಡುವಿಗೆ ಇರುವ ದೂರ ಬೋಲ್ಟಿನ ಉದ್ದಕ್ಕೆ ತಕ್ಕಂತೆ 24 ಅಥವಾ 34 ಮಿ.ಮೀ. ಇರುವುದು ಹೆಚ್ಚು. ಒಂದು ಮಿಲಿಮೀಟರು ಆಚೀಚೆಯಾದರೂ ಬಿಲ್ಲೆ ಒಂದೋ ತಲೆಯನ್ನು ಹಿಡಿಯುವುದಿಲ್ಲ, ಇಲ್ಲವೇ ಹಿಡಿದೂ ಬಿಗಿಯಾಗುವುದಿಲ್ಲ. ಕೈಯಲ್ಲಿ ಹಿಡಿದು ಕೊರೆಯುವ ಡ್ರಿಲ್ ಮಾತ್ರ ಇರುವವರಿಗೆ ನಾನು ಇದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಅಂಥವರಿಗೆ ‘ಕನ್ಫರ್ಮ್ಯಾಟ್’ ವಾಸಿ. ದಪ್ಪ ಒಡಲಿನ, ಆಳವಾದ ಒರಟು ಸುತ್ತುಗಳಿರುವ (‘ಥ್ರೆಡ್’) ತಿರುಪು ಇದು. ಹೆಚ್ಚು ಬಳಕೆಯಲ್ಲಿರುವುದು 7 ಮಿ.ಮೀ. ದಪ್ಪ, 50 ಮಿ.ಮೀ. ಉದ್ದದ್ದು. ಎರಡೂ ಹಲಗೆಗಳನ್ನು ಒತ್ತಿ ಹಿಡಿದು ಒಟ್ಟಿಗೇ ಕೊರೆಯಬಹುದು: ಹೊರ ಹಲಗೆಯ ಮೈಗೆ 7, ಒಳ ಹಲಗೆಯ ಅಂಚಿಗೆ 5. ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನ ಅಂಚಿನಲ್ಲಿ ತಿರುಳು ಸಡಿಲ. ಮಾಮೂಲಿ ಸ್ಕ್ರೂ ಅಲ್ಲಿ ಹಲಗೆಯನ್ನು ಸೀಳುತ್ತದೆ, ಇಲ್ಲವೇ ಹಿಡಿತ ಸಿಗದೆ ಸುಮ್ಮನೆ ತಿರುಗುತ್ತದೆ. ಇದು ಅಗಲವಾಗಿ ಕಚ್ಚುತ್ತದೆ. ಹಾಗಾಗಿ ‘ಕಚ್ಚುತಿರುಪು’ ಎಂದು ಕರೆದಿದ್ದೇನೆ. ಕಚ್ಚಿ ಬಿಡಿಸಿದಷ್ಟೂ ಮರ ಸವೆಯುತ್ತದೆ ಎಂಬ ಎಚ್ಚರಿಕೆಯೂ ಆ ಹೆಸರಿನಲ್ಲಿದೆ ಎಂದುಕೊಂಡಿದ್ದೇನೆ. ಮತ್ತೆ ಹಾಕುವಾಗ ಮೊದಲು ಹಿಂದಕ್ಕೆ ಮೆಲ್ಲಗೆ ತಿರುಗಿಸಬೇಕು. ಮರದಲ್ಲಿ ಮೊದಲೇ ಕೊರೆದಿರುವ ತಗ್ಗಿಗೆ, ಅಂದರೆ ಹಳೆಯ ‘ಗಾಡಿ’ಗೆ, ತಿರುಪು ‘ಟಕ್’ ಎಂದು ಇಳಿಯುವುದು ಬೆರಳಿಗೆ ತಿಳಿಯುತ್ತದೆ, ಆಮೇಲೆ ಮುಂದಕ್ಕೆ. ಇಲ್ಲದಿದ್ದರೆ ಅದು ಹೊಸ ಗಾಡಿ ಕೊರೆದು ಹಳೆಯದನ್ನೂ ಹಾಳು ಮಾಡುತ್ತದೆ.

ಈ ‘ಸುತ್ತು’ ಪದದ ಬಗ್ಗೆಯೂ ನಿಮ್ಮ ಅಭಿಪ್ರಾಯ ಬೇಕು. ಇಂಗ್ಲಿಷಿನ ‘ಥ್ರೆಡ್’ಗೆ ‘ಎಳೆ’ ಎಂದು ಬರೆದರೆ ಅದು ನೂಲಿನ ಎಳೆಯಾಗುತ್ತದೆ, ತಿರುಪಿಗೆ ಹೊಂದುವುದಿಲ್ಲ. ನಾನು ಉಬ್ಬಿಗೆ ‘ಸುತ್ತು’, ಅದು ಮರದಲ್ಲಿ ಕೊರೆಯುವ ತಗ್ಗಿಗೆ ‘ಗಾಡಿ’ ಎಂದಿದ್ದೇನೆ.

ಕಪಾಟನ್ನು ಮತ್ತೆ ಮತ್ತೆ ಬಿಚ್ಚಬೇಕೆಂದಿದ್ದರೆ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಉಕ್ಕಿನ ಉರುಳೆಯಂಥ ನಟ್ಟು. ಹಲಗೆಯ ಮೈಯಲ್ಲಿ ಕೊರೆದ ತೂತಿನಲ್ಲಿ ಅದು ಅಡ್ಡಲಾಗಿ ಕೂರುತ್ತದೆ. ಅಂಚಿನ ಕಡೆಯಿಂದ 6 ಮಿ.ಮೀ. ಬೋಲ್ಟು ಬಂದು ಅದರ ಹೊಟ್ಟೆಗೆ ತಿರುಪಿಕೊಳ್ಳುತ್ತದೆ. ಉರುಳೆಯ ತಲೆಯ ಮೇಲೆ ಸ್ಕ್ರೂವಿನ ತಲೆಯಲ್ಲಿರುವಂಥ ಒಂದು ಗೀರು ಇದೆ. ಅದು ಅಂದಕ್ಕಲ್ಲ. ಒಳಗಿನ ತೂತು ಯಾವ ಕಡೆಗೆ ಮುಖ ಮಾಡಿದೆ ಎಂಬುದನ್ನು ಅದು ಹೊರಗಿನಿಂದ ತೋರಿಸುತ್ತದೆ. ಬೋಲ್ಟು ಸಿಗದಿದ್ದರೆ ಗೀರಿಗೆ ಸ್ಕ್ರೂಡ್ರೈವರು ಕೊಟ್ಟು ತುಸು ಹೊರಳಿಸಿದರಾಯಿತು. ಇಲ್ಲಿ ಮರವನ್ನು ಯಾವುದೂ ಕಚ್ಚುವುದಿಲ್ಲ, ಆದ್ದರಿಂದ ಬಿಚ್ಚಿದಷ್ಟು ಸಲವೂ ಮೊದಲಿನ ಬಿಗಿಯೇ ಸಿಗುತ್ತದೆ. ‘ಅಡ್ಡನಟ್ಟು’ ಎಂದಿದ್ದೇನೆ. ನಟ್ಟು, ಬೋಲ್ಟು ಎಂಬವು ಈಗ ಕನ್ನಡದ ಪದಗಳೇ. ಅವನ್ನು ಬದಲಿಸುವ ಇರಾದೆ ನನಗಿಲ್ಲ.

ಅಕ್ಕಪಕ್ಕದ ಎರಡು ಕಪಾಟುಗಳನ್ನು ಕೂಡಿಸುವ ಬೋಲ್ಟಿಗೆ ‘ಜೋಡಿಬೋಲ್ಟು’ ಸಾಕು, ಅದರಲ್ಲಿ ಚರ್ಚೆಗೆ ಏನೂ ಇಲ್ಲ.

ಕಾರಿನ ಕೋಣೆಯಲ್ಲಿ ನೆಲ ಒದ್ದೆಯಾಗುತ್ತದೆ, ಥಂಡಿ ಏರುತ್ತದೆ. ಪಾರ್ಟಿಕಲ್ ಬೋರ್ಡಿನಲ್ಲಿ ಕೊರೆದ ಪ್ರತಿ ಕುಳಿಯೂ ತೇವಕ್ಕೆ ತೆರೆದ ಬಾಗಿಲು. ಒಳಗಿನ ತಿರುಳು ಉಬ್ಬಿ ಪುಡಿಯಾದರೆ ಸೆಳೆಬಿಲ್ಲೆಗೆ ಒರಗಲು ಗೋಡೆಯೇ ಇರುವುದಿಲ್ಲ. ಆದ್ದರಿಂದ ಕೈಪಿಡಿಯಲ್ಲಿ ನಾನು ಹೇಳುತ್ತಿರುವುದು: ನೆಲದ ಮೇಲೆ ನಿಲ್ಲುವ ಭಾರದ ಕಪಾಟಿಗೆ ಪ್ಲೈವುಡ್ ಮತ್ತು ಅಡ್ಡನಟ್ಟು; ಒಮ್ಮೆ ಕಟ್ಟಿದ ಮೇಲೆ ಅಪರೂಪಕ್ಕೆ ಬಿಚ್ಚುವಂಥದ್ದಕ್ಕೆ ಕಚ್ಚುತಿರುಪು; ಹೊರಮೈಯಲ್ಲಿ ತಿರುಪಿನ ತಲೆ ಕಾಣಬಾರದು ಎನ್ನುವವರಿಗೆ, ಒಣ ಜಾಗದಲ್ಲಿ, ಸೆಳೆಬಿಲ್ಲೆ ಮತ್ತು ಗೂಟ. ಯಾವುದನ್ನು ಬಳಸಿದರೂ ಹಿಂಬದಿಯ ಹಲಗೆಯನ್ನು ಬಿಡುವಂತಿಲ್ಲ, ಕಪಾಟು ಓರೆಯಾಗದಂತೆ ತಡೆಯುವುದು ಮುಖ್ಯವಾಗಿ ಅದೇ. ಅಂದಹಾಗೆ, ‘ಗ್ಯಾರೇಜು’ ಎಂದರೆ ಕನ್ನಡದಲ್ಲಿ ಮೊದಲು ನೆನಪಾಗುವುದು ವಾಹನ ರಿಪೇರಿ ಮಾಡುವ ಜಾಗ. ಹಾಗಾಗಿ ‘ಕಾರುಕೋಣೆ’ ಎಂದು ಬರೆಯುತ್ತಿದ್ದೇನೆ. ಕಿವಿಗೆ ಹೇಗೆ ಕೇಳುತ್ತದೆ?

ನನಗೆ ಬೇಕಾದದ್ದು ಮೂರು ಬಗೆಯ ನೆರವು. ‘ಬಿಚ್ಚುಜೋಡಕ’, ‘ಸೆಳೆಬಿಲ್ಲೆ’, ‘ಕಚ್ಚುತಿರುಪು’, ‘ಅಡ್ಡನಟ್ಟು’ ಇವುಗಳಲ್ಲಿ ಯಾವುದಾದರೂ ನಾಲಿಗೆಗೆ ಎಡವಿದರೆ ದಯವಿಟ್ಟು ಹೇಳಿ. ಬೇರೆ ಅರ್ಥದಲ್ಲಿ ಆಗಲೇ ಬಳಕೆಯಲ್ಲಿದ್ದರೆ ಅದನ್ನೂ ತಿಳಿಸಿ. ಮರಗೆಲಸದ ಮನೆತನದಿಂದ ಬಂದವರು ನಮ್ಮಲ್ಲಿದ್ದರೆ ಅವರನ್ನು ವಿಶೇಷವಾಗಿ ಕೇಳಿಕೊಳ್ಳುತ್ತೇನೆ: ಮೊಳೆಯಿಲ್ಲದೆ ಬಿಗಿದು, ಬೇಕೆಂದಾಗ ಬಿಡಿಸುವ ಜೋಡಣೆಗಳು ಮಂಚದಲ್ಲೂ ತೊಟ್ಟಿಲಲ್ಲೂ ಮೊದಲಿನಿಂದ ಇದ್ದವು. ಅವುಗಳ ಗೂಟಕ್ಕೆ, ಬೆಣೆಗೆ, ಬಿಡಿಸುವ ಕೆಲಸಕ್ಕೆ ನಿಮ್ಮ ಹಿರಿಯರು ಏನೆನ್ನುತ್ತಿದ್ದರು? ಪದವೊಂದನ್ನೇ ಬರೆಯದೆ, ಅವರು ಆಡುತ್ತಿದ್ದ ವಾಕ್ಯದ ಸಮೇತ ಬರೆದು ತಿಳಿಸಿ.