ಟರ್ಬೋ ಸಿ (ಡಾಸ್‌ನ ಹಳೇ ಸಿ ಕಂಪೈಲರ್): ಇಮೇಜ್ ಅರ್ಧ ಲೋಡ್ ಆದ್ಮೇಲೆ ಮೇಲಿನ ಸಾಲುಗಳೇ ಹಾಳಾಗ್ತಿವೆ

ಚಿಪ್‌ಚಂದ್ರ: ತಲೆ ಕೆಟ್ಟೋಗಿದೆ ಮಾರಾಯ್ರೇ. ಪಿಕ್ಸೆಲ್ಲಿಗೊಂದು ಬೈಟಿನ 320×400 ಗ್ರೇ ಇಮೇಜು, ಅರ್ಧದವರೆಗೂ ಸರಿಯಾಗಿ ಬರುತ್ತೆ, ಆಮೇಲಿನ ಸಾಲುಗಳು ಮೊದಲಿನ ಸಾಲುಗಳ ಮೇಲೇ ಕೂರ್ತವೆ, ಕೊನೇಲಿ ಮೆಮೊರಿ ಫ್ರೀ ಮಾಡಿದ್ರೆ ಹ್ಯಾಂಗ್. ಕೋಡಲ್ಲಿ ಏನೂ ತಪ್ಪಿಲ್ಲ, ಲಿನಕ್ಸಲ್ಲಿ ಓಡುತ್ತೆ.

ಹಳೇಪೆಟ್ಟಿಗೆ: ಎ20 ಗೇಟು, ಅಂದ್ರೆ 21ನೇ ಅಡ್ರೆಸ್ ಲೈನಿನ ಸ್ವಿಚ್ಚು. ಅದು ಆಫ್ ಇದ್ರೆ 1 ಎಂಬಿ ದಾಟಿದ ಅಡ್ರೆಸ್ಸು ಸುತ್ತಿ ಸೊನ್ನೆಗೆ ಬರುತ್ತೆ. ಅದನ್ನ ಆನ್ ಮಾಡೋ ಹಿಮೆಮ್ ಡ್ರೈವರ್ ಹಾಕು.

ಚಿಪ್‌ಚಂದ್ರ: ಹಾಕ್ದೆ. ಅದೇ ಕಥೆ.

ಹಳೇಪೆಟ್ಟಿಗೆ: ಕಾನ್ಫಿಗ್ ಫೈಲಲ್ಲಿ ಡಾಸ್=ಹೈ (ಡಾಸನ್ನ 1 ಎಂಬಿ ಮೇಲಕ್ಕೆ ಹಾಕೋ ಸಾಲು) ಇದ್ಯಾ? ನನ್ನ 386ರಲ್ಲಿ ಅದಿಲ್ದೆ ಏನೂ ನಡೀತಿರ್ಲಿಲ್ಲ.

ಲೂಪ್‌ರಾಯ: ಸಾರ್, ಇವ್ರು 1 ಎಂಬಿ ಹತ್ರಾನೂ ಹೋಗಿಲ್ಲ. ಚಂದ್ರ, ಪಾಯಿಂಟರ್ ನಿಯರಾ (2 ಬೈಟು), ಫಾರಾ (4 ಬೈಟು), ಹ್ಯೂಜಾ (4 ಬೈಟು, 64 ಕೆಬಿ ದಾಟಬಲ್ಲದ್ದು)? ಕೆಡೋದು ಎಷ್ಟನೇ ಸಾಲಲ್ಲಿ?

ಚಿಪ್‌ಚಂದ್ರ: ಫಾರ್. ಫಾರ್‌ಮ್ಯಾಲಾಕಲ್ಲಿ ದೊಡ್ಡ ಮೆಮೊರಿ ಬ್ಲಾಕ್ ತಗೊಂಡ್ಮೇಲೆ ಇನ್ನೇನು. 204 ಸಾಲು ಚೆನ್ನಾಗಿರುತ್ತೆ, 205ನೇದು ಮುಗಿಯೋ ಹತ್ರ ಕೈ ಕೊಡುತ್ತೆ.

ಲೂಪ್‌ರಾಯ: 65536 ಭಾಗಿಸು 320, 204.8. ಸಿಕ್ತಲ್ಲ. ಇಂಟೆಲ್ 8086 ಪ್ರೊಸೆಸರಿನ ರಿಜಿಸ್ಟರ್ 16 ಬಿಟ್ಟು, ಅಡ್ರೆಸ್ 20 ಬಿಟ್ಟು, ಅದಕ್ಕೇ ಸೆಗ್ಮೆಂಟನ್ನ (64 ಕೆಬಿ ತುಂಡಿನ ಶುರು) 16ರಿಂದ ಗುಣಿಸಿ ಆಫ್‌ಸೆಟ್ (ಅಲ್ಲಿಂದ ಎಷ್ಟು ದೂರ) ಕೂಡೋದು. ಫಾರ್ ಪಾಯಿಂಟರಿಗೆ ++ ಕೊಟ್ರೆ ಆಫ್‌ಸೆಟ್ ಮಾತ್ರ ಏರುತ್ತೆ, 65535 ಆದ್ಮೇಲೆ ಸೊನ್ನೆ, ಸೆಗ್ಮೆಂಟ್ ಅಲ್ಲಾಡಲ್ಲ. ಬ್ಲಾಕಿನ ಮುಂಚೆ ಇರೋ ಹೀಪ್ ಹೆಡರೂ (ಬ್ಲಾಕಿನ ಲೆಕ್ಕ ಇಡೋ ಬೈಟುಗಳು) ಅಳಿಸಿಹೋಗುತ್ತೆ, ಫ್ರೀ ಮಾಡ್ದಾಗ ಹ್ಯಾಂಗ್ ಆಗದೆ ಇನ್ನೇನಾಗುತ್ತೆ. ಹ್ಯೂಜ್ ಹಾಕಿ.

ಮೊಟೊರೋಲಾ_ಮಾವ: ಇದಕ್ಕೇ ಹೇಳೋದು ಮೊಟೊರೋಲಾ 68000 ಪ್ರೊಸೆಸರ್ ತಗೊಳ್ರೋ ಅಂತ. 1979ರಲ್ಲೇ 32 ಬಿಟ್ ರಿಜಿಸ್ಟರು, 16 ಎಂಬಿ ಸಪಾಟಾಗಿ, ಸೆಗ್ಮೆಂಟ್ ಗಿಗ್ಮೆಂಟ್ ಗೋಳಿಲ್ಲ.

ಹಳೇಪೆಟ್ಟಿಗೆ: ಆಗ 16 ಎಂಬಿ ರ‍್ಯಾಮ್ ಯಾರಪ್ಪನ ಮನೇಲಿತ್ತು? 64 ಕೆಬಿ ಒಳಗಿರೋ ಪ್ರೋಗ್ರಾಮಿಗೆ 2 ಬೈಟ್ ಪಾಯಿಂಟರ್ ಸಾಕು. 8086ರ ತಮ್ಮ 8088ರದ್ದು 8 ಬಿಟ್ ಬಸ್ಸು, 4 ಬೈಟ್ ತರೋಕೆ ನಾಲ್ಕು ಸಲ ಓಡಾಡ್ಬೇಕು.

ಚಿಪ್‌ಚಂದ್ರ: ಜಗಳ ಆಮೇಲೆ ಆಡಿ. ಹ್ಯೂಜ್ ಹಾಕಿದೆ, ಇಮೇಜ್ ಪೂರ್ತಿ ಬಂತು, ಆದ್ರೆ ಆಮೆ ಥರ ತೆವಳ್ತಿದೆ.

ಲೂಪ್‌ರಾಯ: ತೆವಳದೇ ಇರುತ್ತಾ, ಪ್ರತೀ ++ಗೂ ಕಂಪೈಲರ್ ಹೆಲ್ಪರ್ ರುಟೀನ್ ಕರೆದು ಸೆಗ್ಮೆಂಟ್ ಸರಿ ಮಾಡ್ಕೊಳುತ್ತೆ. ಪಿಕ್ಸೆಲ್ಲಿಗೊಂದ್ಸಲ ಯಾಕೆ, ಸಾಲಿಗೊಂದ್ಸಲ ಸಾಕು. ಸೆಗ್ಮೆಂಟ್ ಒಂದು ಏರಿದ್ರೆ 16 ಬೈಟ್ ಮುಂದೆ, 320/16 ಸರಿಯಾಗಿ 20, ಹಾಗಾಗಿ ಪ್ರತಿ ಸಾಲಿಗೆ ಎಂಕೆ_ಎಫ್‌ಪಿಯಲ್ಲಿ (ಸೆಗ್ಮೆಂಟ್, ಆಫ್‌ಸೆಟ್ ಸೇರಿಸಿ ಫಾರ್ ಪಾಯಿಂಟರ್ ಮಾಡೋ ಮ್ಯಾಕ್ರೋ) ಸೆಗ್ಮೆಂಟಿಗೆ 20 ಕೂಡಿಸಿ, ಆಫ್‌ಸೆಟ್ ಶುರುನಲ್ಲಿದ್ದದ್ದೇ ಇರ್ಲಿ, ಒಳಗಿನ ಲೂಪಲ್ಲಿ ಮಾಮೂಲಿ ಫಾರ್. 286ರ ಪ್ರೊಟೆಕ್ಟೆಡ್ ಮೋಡಲ್ಲಿ ಮಾತ್ರ ಈ ಆಟ ನಡೆಯಲ್ಲ, ಅಲ್ಲಿ ಸೆಗ್ಮೆಂಟ್ ಅನ್ನೋದು ಡಿಸ್ಕ್ರಿಪ್ಟರ್ ಟೇಬಲ್ಲಿನ ಇಂಡೆಕ್ಸು, ರಿಜಿಸ್ಟರಿಂದ ಲೋಡ್ ಮಾಡೋಕೇ 2ರ ಜಾಗದಲ್ಲಿ 17 ಕ್ಲಾಕ್ ತಿನ್ನುತ್ತೆ.

ಚಿಪ್‌ಚಂದ್ರ: ಗುರುವೇ, ಓಡ್ತು!! ಫ್ರೀ ಕೂಡ ಆಯ್ತು.

ಮೊಟೊರೋಲಾ_ಮಾವ: 68000 ಇರೋ ನನ್ನ ಅಮಿಗಾ 500 ಕಂಪ್ಯೂಟರ್ ಇವತ್ತಿಗೂ ಬೂಟ್ ಆಗುತ್ತೆ, ಫೋಟೋ ಹಾಕ್ಲಾ?

ಹಳೇಪೆಟ್ಟಿಗೆ: ಎ20 ಒಂದ್ಸಲ ಚೆಕ್ ಮಾಡಿಬಿಡು ಚಂದ್ರ, ಯಾವುದಕ್ಕೂ ಇರ್ಲಿ.