ಮಲೆನಾಡ ಅಂಗಳಕ್ಕೆ ಕಾಂಕ್ರೀಟ್ ಹಾಸು: ಜಾರದ ಫಿನಿಶ್ ಯಾವುದು?

ಪ್ರಶ್ನೆ: ತೀರ್ಥಹಳ್ಳಿ ಕಡೆ ಹೊಸ ಮನೆ, ಬಿಳಿ ಗೋಡೆ, ನೇರ ಗೆರೆಗಳ ವಿನ್ಯಾಸ. ಅಂಗಳಕ್ಕೆ 600×1200 ಮಿಮೀ ಕಾಂಕ್ರೀಟ್ ಹಲಗೆ, ನಡುವೆ ಹುಲ್ಲು ಬೇಕು. ಕಾರೂ ಓಡಾಡುತ್ತದೆ.

ಉತ್ತರ 1: ನುಣುಪು ಫಿನಿಶ್ ಬೇಡವೇ ಬೇಡ, ಆಷಾಢದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಹಸಿ ಕಾಂಕ್ರೀಟಿನ ಮೇಲೆ ರಿಟಾರ್ಡರ್ (ಮೇಲ್ಪದರ ಬೇಗ ಗಟ್ಟಿಯಾಗದಂತೆ ತಡೆಯುವ ದ್ರಾವಣ) ಸಿಂಪಡಿಸಿ, ಮರುದಿನ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. 10 ಮಿಮೀ ಕಪ್ಪು ಜಲ್ಲಿ ಮೇಲೆದ್ದು ಕಾಣುತ್ತದೆ. ಬಿಳಿ ಗೋಡೆಗೆ ಇದಕ್ಕಿಂತ ಚೆನ್ನಾಗಿ ಒಪ್ಪುವುದು ಬೇರೊಂದಿಲ್ಲ. ಕಾರಿನ ದಾರಿಗೆ ಎಂ25 ದರ್ಜೆಯ ಕಾಂಕ್ರೀಟ್, 125 ಮಿಮೀ ದಪ್ಪ. ಕೆಳಗೆ 150 ಮಿಮೀ ಜಲ್ಲಿ, ಎರಡು ಪದರದಲ್ಲಿ ದಮ್ಮಸ್ಸು ಮಾಡಿ. ಕೆಮ್ಮಣ್ಣಿನ ಮೇಲೆ ನೇರ ಸುರಿದರೆ ಮಳೆಗೆ ಮಣ್ಣು ಮೆತ್ತಗಾಗಿ ಹಲಗೆಯ ಮೂಲೆ ಮುರಿಯುತ್ತದೆ.

ಉತ್ತರ 2: ಇಳಿಜಾರು ಮೀಟರಿಗೆ 20 ಮಿಮೀ, ಮನೆಯಿಂದ ಹೊರಕ್ಕೆ. ಹುಲ್ಲಿನ ಸಂದಿನ ಮಣ್ಣು ಹಲಗೆಗಿಂತ 10 ಮಿಮೀ ತಗ್ಗಿರಲಿ, ಇಲ್ಲವೆಂದರೆ ಕೆಸರು ಮೇಲೆ ಹರಿಯುತ್ತದೆ.

ಉತ್ತರ 3: ಡಿಸೆಂಬರ್–ಫೆಬ್ರವರಿಯಲ್ಲೇ ಹಾಕಿಸಿ. ಒದ್ದೆ ಗೋಣಿ ಹೊದಿಸಿ ಕನಿಷ್ಠ 7 ದಿನ ಕ್ಯೂರಿಂಗ್.