ಗಜನಿ ಕೆಸರಲ್ಲೂ ಯುರೇನಿಯಂ ಕೂರುತ್ತದಾ?

ಕಗ್ಗದಗದ್ದೆ (ಕುಮಟಾ):
ಅಘನಾಶಿನಿ ದಂಡೆಯಲ್ಲಿ ನಮ್ಮದು ಎರಡು ಎಕರೆ ಗಜನಿ, ಅಂದರೆ ಹೊಳೆಯ ಉಪ್ಪುನೀರು ಹೊಕ್ಕುವ ತಗ್ಗುಗದ್ದೆ. ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ, ಆಮೇಲೆ ಸಿಗಡಿ. ಮೊನ್ನೆ ತಂಗಿಯ ಮಗ ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಸುದ್ದಿ ಹೇಳಿದ. ಅಲ್ಲಿ ಹೊಲದಿಂದ ಬಸಿದ ನೀರನ್ನು ಕೊಳಕ್ಕೆ ಬಿಟ್ಟು ಬಿಸಿಲಿಗೆ ಆರಿಸುತ್ತಾರಂತೆ, ತಳದ ಕೆಸರಲ್ಲಿ ಯುರೇನಿಯಂ ಸೇರುತ್ತದಂತೆ. ಹೊಲಕ್ಕೆ ಅದನ್ನು ಯಾರು ಹಾಕಿದರು ಮಾರಾಯ್ರೆ? ನಮ್ಮಲ್ಲೂ ಉಪ್ಪುನೀರು ನಿಲ್ಲುತ್ತದೆ. ಗುದ್ದಲಿ ಹಾಕಿದರೆ ಕಪ್ಪು ಕೆಸರು, ಕೊಳೆತ ಮೊಟ್ಟೆ ವಾಸನೆ. ಅದನ್ನೇ ಎತ್ತಿ ಕಟ್ಟೆಗೆ ಮೆತ್ತುತ್ತೇವೆ. ಹೆದರಬೇಕಾ? (ಕೈಗಾ ಜಗಳ ಬೇರೆ ಕಡೆ ಇಟ್ಟುಕೊಳ್ಳಿ.)

ಹಳೇಮೇಷ್ಟ್ರು (ಕಾರವಾರ):
ಯಾರೂ ಹಾಕಿದ್ದಲ್ಲ, ಅಲ್ಲಿನ ಮಣ್ಣಲ್ಲೇ ಇದ್ದದ್ದು. ನೀರಾವರಿ ನೀರು ತೊಳೆದು ತರುತ್ತದೆ. ಗಾಳಿಯಾಡುವ ನೀರಲ್ಲಿ ಯುರೇನಿಯಂ +6 ಸ್ಥಿತಿಯಲ್ಲಿ (ಎಲೆಕ್ಟ್ರಾನ್ ಕಳೆದುಕೊಂಡ ಲೆಕ್ಕ ಅದು) ಇರುತ್ತದೆ, ಕಾರ್ಬೊನೇಟ್ ಜೊತೆ ಸೇರಿ ಕರಗಿ ಓಡಾಡುತ್ತದೆ. ಆಮ್ಲಜನಕ ಮುಗಿದ ಕೆಸರಲ್ಲಿ ಬ್ಯಾಕ್ಟೀರಿಯಾಗಳು ಎಲೆಕ್ಟ್ರಾನ್ ಕೊಟ್ಟು ಅದನ್ನು +4ಕ್ಕೆ ಇಳಿಸುತ್ತವೆ. ಆಗ ಅದು ಕರಗುವುದೇ ಕಷ್ಟ, ಅಲ್ಲೇ ಕೂರುತ್ತದೆ. ನೀರಲ್ಲಿ ಸುಣ್ಣ, ಕಾರ್ಬೊನೇಟ್ ಜಾಸ್ತಿ ಇದ್ದರೆ ಇಳಿಸುವ ಕೆಲಸ ನಿಧಾನ.

ನಿಮ್ಮ ಮೊಟ್ಟೆ ವಾಸನೆ ಹೈಡ್ರೋಜನ್ ಸಲ್ಫೈಡ್‌ನದು, ಕಪ್ಪು ಬಣ್ಣ ಕಬ್ಬಿಣದ ಸಲ್ಫೈಡ್‌ನದು. ಅಲ್ಲಿ ಆಮ್ಲಜನಕ ಇಲ್ಲ ಎಂದೇ ಲೆಕ್ಕ. ಒಂದು ಹೆಂಟೆ ಬಿಸಿಲಿಗಿಟ್ಟು ನೋಡಿ, ಕಂದಾಗುತ್ತದೆ. ಗಾಳಿ ಹೊಕ್ಕಿತು ಅಂತ. ಗಾಳಿ ಹೊಕ್ಕರೆ ಯುರೇನಿಯಂ ಕೂಡ ಮೆಲ್ಲಗೆ +6ಕ್ಕೆ ಮರಳಿ ಮುಂದಿನ ನೀರಿಗೆ ಹೊರಡುತ್ತದೆ. ತುಂಬಿ ಒಣಗುವ ಆ ಕೊಳಗಳ ತಲೆನೋವು ಇದೇ.

ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 3.3 ಮೈಕ್ರೋಗ್ರಾಂ ಯುರೇನಿಯಂ ಇದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯೇ 30. ಗಜನಿ ಕೆಸರೂ ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತದೆ, ಸುಳ್ಳಲ್ಲ. ಆದರೆ ಕ್ಯಾಲಿಫೋರ್ನಿಯಾದ ಆ ಕೊಳಗಳಲ್ಲಿ ನೀರಿಗೆ ಹೊರದಾರಿ ಇಲ್ಲ, ಬತ್ತಿದಷ್ಟೂ ಉಳಿದ ನೀರಲ್ಲಿ ಯುರೇನಿಯಂ ಗಟ್ಟಿಯಾಗುತ್ತದೆ. ನಿಮ್ಮಲ್ಲಿ ಕಟ್ಟೆಯ ತೂಬಿನ ಹಲಗೆ ತೆಗೆದರೆ ಇಳಿತಕ್ಕೆ ನೀರು ಹೊಳೆಗೆ ಹೋಗುತ್ತದೆ. ನಾನಾಗಿದ್ದರೆ ಒಣಗಿದ ಕೆಸರಿನ ಸಲ್ಫೈಡ್ ಗಾಳಿಗೆ ಆಮ್ಲವಾಗಿ ಮಣ್ಣು ಹುಳಿಯಾಗುವುದಕ್ಕೆ ಹೆದರುತ್ತಿದ್ದೆ.

ಅಡಿಕೆಮರ (ಶಿರಸಿ):
ನಾವು ತೋಟಕ್ಕೆ ಹಾಕುವ ರಾಕ್ ಫಾಸ್ಫೇಟ್‌ನಲ್ಲೂ ಇರುತ್ತದೆ ಅಲ್ವಾ?

ಹಳೇಮೇಷ್ಟ್ರು (ಕಾರವಾರ):
ಇರುತ್ತದೆ. ಯಾವ ಗಣಿಯ ಕಲ್ಲು ಅನ್ನುವುದರ ಮೇಲೆ ಹೆಚ್ಚು ಕಡಿಮೆ.

ಕಗ್ಗದಗದ್ದೆ (ಕುಮಟಾ):
ಹೆಂಟೆ ಅಂಗಳದಲ್ಲಿಟ್ಟು ಮೂರು ದಿನ ಆಯ್ತು. ಹೊರಗೆ ಕಂದು, ಒಡೆದರೆ ಒಳಗೆ ಇನ್ನೂ ಕಪ್ಪು. ವಾಸನೆಗೆ ಮನೆಯವಳು ಬೈಯುತ್ತಿದ್ದಾಳೆ. ಇನ್ನೆಷ್ಟು ದಿನ ಇಡಬೇಕು ಮೇಷ್ಟ್ರೆ?